ಪೊರೆ ಎಲ್ಲಿ, ಪರದೆ ಎಲ್ಲಿ: ಕಣ್ಣಿನೊಳಗೆ ಒಂದು ಸುತ್ತು

ಪ್ರಶ್ನೆ: ಅಮ್ಮನಿಗೆ 66 ವರ್ಷ. ಕಣ್ಣು ಮಂಜು ಎಂದು ಡಾಕ್ಟರಿಗೆ ತೋರಿಸಿದೆವು. "ಪೊರೆ ಬಂದಿದೆ, ತೆಗೆಯಬಹುದು. ಆದರೆ ಹಿಂದಿನ ಪರದೆ ಹೇಗಿದೆ ಅಂತ ಮೊದಲು ನೋಡಬೇಕು" ಎಂದರು. ಪೊರೆ, ಪರದೆ ಎರಡೂ ಒಂದೇ ಅಲ್ವಾ? ಕಣ್ಣಿನ ಮೇಲಿನ ಪೊರೆಯನ್ನು ಸುಲಿದು ತೆಗೆಯುತ್ತಾರಾ? ಕಣ್ಣಿನ ನೀರಿನ ಒತ್ತಡ ಸ್ವಲ್ಪ ಜಾಸ್ತಿ ಎಂದೂ ಹೇಳಿದರು. ಅಮ್ಮನಿಗೆ ಇರುವುದು ಕಣ್ಣು ಒಣಗುವ ತೊಂದರೆ, ನೀರು ಜಾಸ್ತಿ ಆಗುವುದು ಹೇಗೆ? ರಿಪೋರ್ಟಿನಲ್ಲಿ "ಕಾರ್ನಿಯಾ ಕ್ಲಿಯರ್, ಎಸಿ ಡೀಪ್, ಲೆನ್ಸ್ ಎನ್‌ಎಸ್ 2, ಸಿಡಿಆರ್ 0.5" ಎಂದಿದೆ. ಒಂದೂ ಅರ್ಥವಾಗಲಿಲ್ಲ. ಮಗಳದ್ದೂ ಒಂದು ಪ್ರಶ್ನೆ: ಕಾಂಟ್ಯಾಕ್ಟ್ ಲೆನ್ಸ್ ಜಾರಿ ಕಣ್ಣಿನ ಹಿಂದಕ್ಕೆ ಹೋಗಿಬಿಡುತ್ತದಾ?

ಉತ್ತರ: ಸುಲಿಯುವುದಿಲ್ಲ. ಸುಲಿಯಲು ಅಲ್ಲಿ ಏನೂ ಇಲ್ಲ. ಹೆಸರು ಪೊರೆ ಎಂದಿದ್ದರೂ ಅದು ಕಣ್ಣಿನ ಮೇಲೆ ಬೆಳೆಯುವ ವಸ್ತುವೇ ಅಲ್ಲ.

ತಪ್ಪು ನಿಮ್ಮದಲ್ಲ, ಪದದ್ದು. ಹಾವು ಪೊರೆ ಬಿಡುತ್ತದೆ ಎನ್ನುತ್ತೇವೆ. ಹಾಗಾಗಿ ಪೊರೆ ಎಂದ ಕೂಡಲೇ ಮೇಲಿನಿಂದ ಎಳೆದು ತೆಗೆಯಬಹುದಾದ ತೆಳ್ಳನೆಯ ಹಾಳೆಯೊಂದು ಮನಸ್ಸಿಗೆ ಬರುತ್ತದೆ. ಯುರೋಪಿನ ವೈದ್ಯರೂ ನೂರಾರು ವರ್ಷ ಹೀಗೇ ಎಡವಿದ್ದರು. ಪಾಪೆಯ ಹಿಂದೆ ಯಾವುದೋ ಕೆಟ್ಟ ದ್ರವ ಇಳಿದು ಬಂದು ಹೆಪ್ಪುಗಟ್ಟುತ್ತದೆ ಎಂದು ಅವರು ನಂಬಿದ್ದರು. ಜಲಪಾತಕ್ಕೂ ಈ ಕಾಯಿಲೆಗೂ ಇಂಗ್ಲಿಷಿನಲ್ಲಿ ಕ್ಯಾಟರಾಕ್ಟ್ ಎಂಬ ಒಂದೇ ಪದ ಇರುವುದು ಆ ನಂಬಿಕೆಯಿಂದಲೇ. 18ನೇ ಶತಮಾನದ ಆರಂಭದಲ್ಲಿ ಸತ್ತವರ ಕಣ್ಣು ಬಿಡಿಸಿ ನೋಡಿದಾಗ ವಿಷಯ ಸ್ಪಷ್ಟವಾಯಿತು. ಹೊಸದಾಗಿ ಏನೂ ಬಂದು ಕೂತಿರಲಿಲ್ಲ. ಹುಟ್ಟಿನಿಂದ ಅಲ್ಲೇ ಇದ್ದ ಲೆನ್ಸೇ ಮಂಜಾಗಿತ್ತು.

ಈಗ ಅಮ್ಮನ ರಿಪೋರ್ಟನ್ನು ಇನ್ನೊಮ್ಮೆ ನೋಡಿ. ಕಾರ್ನಿಯಾ, ಎಸಿ, ಲೆನ್ಸ್, ಕೊನೆಗೆ ಸಿಡಿಆರ್. ಈ ಕ್ರಮ ಸುಮ್ನೆ ಬಂದದ್ದಲ್ಲ. ಬೆಳಕು ಕಣ್ಣಿನೊಳಗೆ ಮುಂದಿನಿಂದ ಹಿಂದಕ್ಕೆ ಹೋಗುವ ದಾರಿಯೇ ಅದು. ನಾವೂ ಅದೇ ದಾರಿಯಲ್ಲಿ ಹೋಗೋಣ. ಹೋಗುವಾಗ ಒಂದು ಪ್ರಶ್ನೆ ತಲೆಯಲ್ಲಿರಲಿ: ಇಲ್ಲಿ ಬೆಳಕಿಗೆ ಜಾಗ ಬಿಟ್ಟುಕೊಡಲು ದೇಹ ಏನು ಮಾಡಿದೆ? ನಮ್ಮ ಮೈಯಲ್ಲಿರುವುದು ರಕ್ತ, ಮಾಂಸ, ಕೊಬ್ಬು. ಯಾವುದರಲ್ಲೂ ಬೆಳಕು ನೆಟ್ಟಗೆ ಹಾಯುವುದಿಲ್ಲ. ಅಂಥ ಸಾಮಾನಿನಿಂದ ಗಾಜು ಮಾಡಬೇಕು! ಕಣ್ಣಿನ ವಿಚಿತ್ರಗಳೆಲ್ಲ ಹುಟ್ಟುವುದು ಈ ಒಂದು ಕಷ್ಟದಿಂದ.

ಮೊದಲು ಗಾತ್ರ. ದೊಡ್ಡವರ ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿ.ಮೀ. ಹೊರಗಿನಿಂದ ನಮಗೆ ಕಾಣುವುದು ಅದರ ಆರನೇ ಒಂದು ಭಾಗ ಮಾತ್ರ. ಉಳಿದದ್ದು ಏಳು ಮೂಳೆಗಳು ಸೇರಿ ಮಾಡಿದ ಗೂಡಿನೊಳಗೆ, ಕೊಬ್ಬಿನ ಮೆತ್ತೆಯ ಮೇಲೆ ಕೂತಿರುತ್ತದೆ. ಹುಟ್ಟಿದ ಮಗುವಿನ ಕಣ್ಣು 17 ಮಿ.ಮೀ. ಆಸುಪಾಸು. ಮಗು ಬೆಳೆದಂತೆ ಅದೂ ಬೆಳೆಯುತ್ತದೆ, ಸರಿಯಾದ ಉದ್ದಕ್ಕೆ ಬಂದು ನಿಲ್ಲಬೇಕು. ನಿಲ್ಲದೆ 1 ಮಿ.ಮೀ. ಜಾಸ್ತಿ ಬೆಳೆದರೆ ಸಾಕು, ಕನ್ನಡಕದ ನಂಬರ್ ಮೈನಸ್ 2.5ರಿಂದ 3ರವರೆಗೆ ಹೋಗುತ್ತದೆ. ದೂರದ್ದು ಕಾಣದ ಮಕ್ಕಳಲ್ಲಿ ಹೆಚ್ಚಿನವರ ತೊಂದರೆ ಇಷ್ಟೇ: ಕಣ್ಣು ಕೊಂಚ ಉದ್ದ.

ಗುಡ್ಡೆಯ ಹೊರಗಿನ ಬಿಳಿ ಗೋಡೆಯ ಹೆಸರು ಸ್ಕ್ಲೀರಾ. ಗಟ್ಟಿ ನಾರಿನ ಚೀಲ, 1 ಮಿ.ಮೀ.ಗಿಂತ ಹೆಚ್ಚು ದಪ್ಪವಿಲ್ಲ. ಆಕಾರ ಕಾಯುವುದು ಅದರ ಕೆಲಸ. ಅದರ ಬಗ್ಗೆ ಇನ್ನೇನೂ ಹೇಳುವುದಿಲ್ಲ, ಒಂದು ವಿಷಯ ಬಿಟ್ಟು. ಇದೇ ಬಿಳಿ ಗೋಡೆ ಮುಂದಕ್ಕೆ ಬರುತ್ತಾ ಒಂದು ಗೆರೆ ದಾಟಿದ ಕೂಡಲೇ ಗಾಜಿನಂತೆ ತಿಳಿಯಾಗಿಬಿಡುತ್ತದೆ. ಆ ತಿಳಿ ಭಾಗವೇ ಕಾರ್ನಿಯಾ. ಎರಡೂ ಮುಖ್ಯವಾಗಿ ಒಂದೇ ಕೊಲಾಜೆನ್ ನಾರಿನಿಂದ ಆದದ್ದು. ಸ್ಕ್ಲೀರಾದಲ್ಲಿ ನಾರುಗಳು ದಪ್ಪ ದಪ್ಪ, ಅಡ್ಡಾದಿಡ್ಡಿ. ಕಾರ್ನಿಯಾದಲ್ಲಿ ಅವೆಲ್ಲ ಸಣ್ಣ, ಒಂದೇ ಅಳತೆಯವು, ಸಮ ಅಂತರದಲ್ಲಿ ಜೋಡಿಸಿದವು. ವ್ಯತ್ಯಾಸ ಸಾಮಾನಿನದ್ದಲ್ಲ, ಜೋಡಣೆಯದ್ದು.

ಅಮ್ಮ ಗಲ್ಲ ಊರಿ ಕೂತಿದ್ದರಲ್ಲ, ಆ ಯಂತ್ರ ಸ್ಲಿಟ್ ಲ್ಯಾಂಪ್. ಅದರ ಈಚೆ ಕೂತವರಿಗೆ ಏನು ಕಾಣುತ್ತದೆ ಗೊತ್ತಾ? ಕೂದಲೆಳೆಯಷ್ಟು ತೆಳ್ಳನೆಯ ಬೆಳಕಿನ ಸೀಳನ್ನು ಓರೆಯಾಗಿ ಬಿಡುತ್ತೇವೆ. ಮೊದಲು ಬಿಲ್ಲಿನಂತೆ ಬಾಗಿದ ಬೂದು ಪಟ್ಟಿಯೊಂದು ಹೊಳೆಯುತ್ತದೆ. ಅದು ಕಾರ್ನಿಯಾ, ಅಡ್ಡ ಕೊಯ್ದು ತೋರಿಸಿದ ಹಾಗೆ. ಅದರ ಹಿಂದೆ ಕಪ್ಪು ಖಾಲಿ ಜಾಗ. ಆಮೇಲೆ ಐರಿಸ್, ಅಂದರೆ ಕಣ್ಣಿಗೆ ಬಣ್ಣ ಕೊಡುವ ಬಳೆ, ಅದರ ಎಳೆ ಎಳೆ. ನಡುವಿನ ಕಿಂಡಿಯ ಹಿಂದೆ ಇನ್ನೊಂದು ದಪ್ಪ ಬಾಗು. ಅದೇ ಲೆನ್ಸ್. ನಿಮ್ಮ ಅಮ್ಮನ ವಯಸ್ಸಿನವರಲ್ಲಿ ಅದರ ನಡುಭಾಗ ಹಳದಿ ತಿರುಗಿ ಹಳೆಯ ಕಾಗದದ ಬಣ್ಣಕ್ಕೆ ಬಂದಿರುತ್ತದೆ. ಎಷ್ಟು ಸಾವಿರ ಸಲ ನೋಡಿದರೂ ಈ ನೋಟ ನನಗೆ ಹಳೆಯದಾಗಿಲ್ಲ.

ಕಾರ್ನಿಯಾ ಅಡ್ಡಗಲ 11ರಿಂದ 12 ಮಿ.ಮೀ., ನಡುವಿನ ದಪ್ಪ ಸುಮಾರು ಅರ್ಧ ಮಿ.ಮೀ. ಅದರಲ್ಲಿ ಒಂದೇ ಒಂದು ರಕ್ತನಾಳ ಇಲ್ಲ. ಇದ್ದರೆ ಕೆಂಪು ಗೆರೆಗಳ ನಡುವಿನಿಂದ ಜಗತ್ತನ್ನು ನೋಡಬೇಕಾಗುತ್ತಿತ್ತು. ರಕ್ತ ಇಲ್ಲ ಅಂದರೆ ಆಮ್ಲಜನಕ ಎಲ್ಲಿಂದ? ಹೊರಗಿನ ಗಾಳಿಯಿಂದ! ಗಾಳಿ ಕಣ್ಣೀರಿನಲ್ಲಿ ಕರಗುತ್ತದೆ, ಕಾರ್ನಿಯಾ ಅದನ್ನು ಹೀರುತ್ತದೆ. ರಾತ್ರಿ ರೆಪ್ಪೆ ಮುಚ್ಚಿದಾಗ ರೆಪ್ಪೆಯ ಒಳಮೈಯ ರಕ್ತನಾಳಗಳೇ ಗತಿ, ಪೂರೈಕೆ ಕಡಿಮೆಯಾಗುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡೇ ಮಲಗಬೇಡಿ ಎಂದು ಬೈಯುವುದಕ್ಕೆ ಇದೂ ಒಂದು ಕಾರಣ. ಇರುವ ಅಷ್ಟೋ ಇಷ್ಟೋ ಗಾಳಿಗೂ ಅಡ್ಡ ಹಾಕಿದ ಹಾಗೆ ಅದು. ಮಗಳಿಗೆ ಇದನ್ನು ಮೊದಲು ಹೇಳಿ.

ಕಾರ್ನಿಯಾದ ಮೇಲ್ಪದರ ಬಲು ಚುರುಕು. ಗೀರಿದರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಮುಚ್ಚಿಕೊಳ್ಳುತ್ತದೆ. ಆದರೆ ನೋವು ಮಾತ್ರ ಜೀವ ಹಿಂಡುತ್ತದೆ, ಯಾಕೆಂದರೆ ಮೈಯಲ್ಲೇ ಅತಿ ದಟ್ಟವಾಗಿ ನರದ ತುದಿಗಳಿರುವ ಜಾಗಗಳಲ್ಲಿ ಇದು ಒಂದು. ಒಳಗಿನ ಕೊನೆಯ ಪದರದ ಸ್ವಭಾವ ತದ್ವಿರುದ್ಧ. ಒಂದೇ ಸಾಲು ಜೀವಕೋಶ. ಕಾರ್ನಿಯಾದೊಳಗೆ ಇಳಿಯುವ ನೀರನ್ನು ಹಗಲೂ ರಾತ್ರಿ ಹೊರಗೆ ಹಾಕುತ್ತಿರುವ ಪಂಪು ಅದು. ಅಲ್ಲಿ ಸತ್ತ ಕೋಶದ ಜಾಗಕ್ಕೆ ಹೊಸದು ಹುಟ್ಟುವುದಿಲ್ಲ, ಪಕ್ಕದವು ಅಗಲವಾಗಿ ಜಾಗ ತುಂಬಿಕೊಳ್ಳುತ್ತವೆ. ತೀರಾ ಕಡಿಮೆಯಾದರೆ ಪಂಪು ನಿಂತು ಕಾರ್ನಿಯಾ ಊದಿ ಬೆಳ್ಳಗಾಗುತ್ತದೆ. ಪೊರೆ ಆಪರೇಷನ್ನಿಗೆ ಮೊದಲು ಈ ಪದರದ ಸ್ಥಿತಿಯನ್ನೂ ಗಮನಿಸುತ್ತೇವೆ. ಅಮ್ಮನದ್ದು "ಕ್ಲಿಯರ್" ಎಂದಿದೆ. ಮೊದಲ ಬಾಗಿಲು ದಾಟಿದೆವು.

ಇನ್ನೊಂದು ಮಾತು. ಬೆಳಕನ್ನು ಬಗ್ಗಿಸುವ ಕೆಲಸದಲ್ಲಿ ಮೂರನೇ ಎರಡು ಪಾಲು ಮಾಡುವುದು ಲೆನ್ಸ್ ಅಲ್ಲ, ಕಾರ್ನಿಯಾ. ನೀರಲ್ಲಿ ಮುಳುಗಿ ಕಣ್ಣು ಬಿಟ್ಟರೆ ಎಲ್ಲ ಮಸುಕು, ಅಲ್ವಾ? ಬೆಳಕು ಜೋರಾಗಿ ಬಾಗುವುದು ಗಾಳಿಯಿಂದ ಕಾರ್ನಿಯಾಕ್ಕೆ ಬರುವಾಗ. ನೀರಿಗೂ ಕಾರ್ನಿಯಾಕ್ಕೂ ಆ ಮಟ್ಟಿಗೆ ಹೆಚ್ಚು ವ್ಯತ್ಯಾಸವಿಲ್ಲ, ಹಾಗಾಗಿ ನೀರಿನೊಳಗೆ ಕಾರ್ನಿಯಾ ಇದ್ದೂ ಇಲ್ಲದ ಹಾಗೆ. ಈಜುವ ಕನ್ನಡಕ ಮಾಡುವುದು ಇಷ್ಟೇ, ಕಣ್ಣಿನ ಮುಂದೆ ಸ್ವಲ್ಪ ಗಾಳಿ ಹಿಡಿದಿಡುತ್ತದೆ. ನೇತ್ರದಾನದಲ್ಲಿ ಇನ್ನೊಬ್ಬರಿಗೆ ಕಸಿ ಮಾಡುವುದೂ ಈ ಕಾರ್ನಿಯಾವನ್ನೇ, ಇಡೀ ಕಣ್ಣನ್ನಲ್ಲ. ರಕ್ತನಾಳ ಇಲ್ಲದ್ದರಿಂದ ಪಡೆದವರ ದೇಹ ಅದನ್ನು ತಿರಸ್ಕರಿಸುವುದು ಕಡಿಮೆ. 1905ರಲ್ಲೇ ಎಡ್ವರ್ಡ್ ಝಿರ್ಮ್ ಎಂಬ ವೈದ್ಯರು ಇದನ್ನು ಮಾಡಿ ಗೆದ್ದಿದ್ದರು.

ಕಾರ್ನಿಯಾದ ಹಿಂದಿನ ಖಾಲಿ ಜಾಗವೇ "ಎಸಿ", ಆಂಟೀರಿಯರ್ ಚೇಂಬರ್. ಖಾಲಿ ಎಂದೆ, ಆದರೆ ಅಲ್ಲಿ ತಿಳಿ ನೀರಿದೆ. ನಿಮ್ಮ ಗೊಂದಲ ಇರುವುದೂ ಇಲ್ಲೇ. ಕಣ್ಣಿನ ನೀರು ಎರಡು ಬಗೆ, ಒಂದಕ್ಕೊಂದು ಸಂಬಂಧವಿಲ್ಲ. ಕಣ್ಣೀರು ಹೊರಗಿನದು. ರೆಪ್ಪೆಯ ಮೇಲೆ, ಹೊರಮೂಲೆಯಲ್ಲಿರುವ ಗ್ರಂಥಿಯಿಂದ ಬಂದು, ಒಳಮೂಲೆಯ ಸಣ್ಣ ತೂತುಗಳಲ್ಲಿ ಇಳಿದು ಮೂಗಿಗೆ ಹೋಗುತ್ತದೆ. ಅತ್ತಾಗ ಮೂಗು ಸೋರುವುದು ಅದಕ್ಕೇ. ಒಳಗಿನ ನೀರು, ಅಂದರೆ ಅಕ್ವಿಯಸ್, ಐರಿಸ್‌ನ ಹಿಂದೆ ತಯಾರಾಗಿ, ಪಾಪೆಯ ಮೂಲಕ ಮುಂದೆ ಬಂದು, ಐರಿಸ್ ಮತ್ತು ಕಾರ್ನಿಯಾ ಸೇರುವ ಮೂಲೆಯ ಜರಡಿಯಲ್ಲಿ ಸೋಸಿ ರಕ್ತಕ್ಕೆ ಸೇರುತ್ತದೆ. ಮಿನಿಟಿಗೆ 2ರಿಂದ 2.5 ಮೈಕ್ರೋಲೀಟರ್. ಒಂದು ಹನಿಯೂ ಅಲ್ಲ. ಆದರೂ ಒಂದೂವರೆ ಎರಡು ಗಂಟೆಯಲ್ಲಿ ಅಲ್ಲಿನ ನೀರೆಲ್ಲ ಹೊಸದಾಗಿರುತ್ತದೆ. ರಕ್ತ ಹೋಗದ ಕಾರ್ನಿಯಾಕ್ಕೂ ಲೆನ್ಸಿಗೂ ಆಹಾರ ಒಯ್ಯುವುದು ಈ ನೀರೇ.

ಬರುವ ನೀರು ಬರುತ್ತಲೇ ಇದ್ದು ಹೋಗುವ ಜರಡಿ ಕಟ್ಟಿಕೊಂಡರೆ ಒಳಗಿನ ಒತ್ತಡ ಏರುತ್ತದೆ. ಸಾಮಾನ್ಯವಾಗಿ ಅದು 10ರಿಂದ 21 ಮಿ.ಮೀ. ಪಾದರಸದಷ್ಟು ಇರುತ್ತದೆ. ಹಾಗಾಗಿ ಅಮ್ಮನ ಕಣ್ಣಿನ ಹೊರಗೆ ನೀರು ಸಾಲದಿರಬಹುದು, ಒಳಗೆ ಒತ್ತಡ ಜಾಸ್ತಿಯೂ ಇರಬಹುದು. ಎರಡೂ ಒಟ್ಟಿಗೆ ಆಗುತ್ತವೆ. "ಡೀಪ್" ಎಂದು ಬರೆದಿರುವುದು ಒಳ್ಳೆಯ ಸುದ್ದಿ. ವಯಸ್ಸಾದಂತೆ ಲೆನ್ಸ್ ದಪ್ಪವಾಗಿ ಐರಿಸನ್ನು ಮುಂದಕ್ಕೆ ತಳ್ಳುತ್ತದೆ. ಆ ಜಾಗ ತೀರಾ ಕಿರಿದಾದರೆ ಜರಡಿಗೇ ಮುಚ್ಚಳ ಬಿದ್ದು, ಒತ್ತಡ ಒಮ್ಮೆಲೇ ಏರಬಹುದು. ಕಣ್ಣು ಕೆಂಪಾಗಿ, ತಲೆ ಸಿಡಿಯುವ ನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ. ಅಂಥದ್ದು ಯಾರಿಗಾದರೂ ಬಂದರೆ ಬೆಳಗಾಗಲಿ ಎಂದು ಕಾಯಬಾರದು.

ಐರಿಸ್ ಎಂದರೆ ಬಣ್ಣದ ಬಳೆ. ನಡುವಿನ ಕಪ್ಪು ಚುಕ್ಕೆ ಪಾಪೆ. ಆ ಚುಕ್ಕೆ ವಸ್ತುವಲ್ಲ, ತೂತು! ಒಳಗೆ ಕತ್ತಲೆ ಇರುವುದರಿಂದ ಕಪ್ಪಾಗಿ ಕಾಣುತ್ತದೆ. ಪಾಪೆ ಎಂದರೆ ಗೊಂಬೆ ಎಂಬ ಅರ್ಥವೂ ಇದೆ. ಎದುರಿಗಿರುವವರ ಕಣ್ಣನ್ನು ತೀರಾ ಹತ್ತಿರದಿಂದ ನೋಡಿ, ಅಲ್ಲಿ ಪುಟ್ಟ ಗೊಂಬೆಯೊಂದು ನಿಂತಿರುತ್ತದೆ. ಅದು ನೀವೇ. ಕಾರ್ನಿಯಾ ಎಂಬ ಉಬ್ಬು ಕನ್ನಡಿಯಲ್ಲಿ ಬಿದ್ದ ನಿಮ್ಮ ಬಿಂಬ. ಲ್ಯಾಟಿನ್ನಿನಲ್ಲೂ ಸಂಸ್ಕೃತದಲ್ಲೂ ಪಾಪೆಗೆ ಪುಟ್ಟ ಹುಡುಗಿ ಎಂಬ ಅರ್ಥದ ಪದವೇ ಇದೆ.

ಪಾಪೆ ಬಿಸಿಲಿಗೆ 2 ಮಿ.ಮೀ.ವರೆಗೆ ಕುಗ್ಗುತ್ತದೆ, ಕತ್ತಲಲ್ಲಿ ಎಳೆಯರಿಗೆ 8 ಮಿ.ಮೀ.ವರೆಗೂ ಅರಳುತ್ತದೆ. ಐರಿಸ್‌ನಲ್ಲಿ ಎರಡು ಸ್ನಾಯು ಇವೆ. ಬಳೆಯಂತಿರುವುದು ಕುಗ್ಗಿಸುತ್ತದೆ, ಚಕ್ರದ ಕಡ್ಡಿಗಳಂತಿರುವುದು ಹಿಗ್ಗಿಸುತ್ತದೆ. ಅಮ್ಮನಿಗೆ ಹಾಕುವ ಡ್ರಾಪ್ಸ್ ಬಳೆಯ ಸ್ನಾಯುವನ್ನು ಕೆಲವು ಗಂಟೆ ಮಲಗಿಸುತ್ತದೆ. ಹಿಂದಿನ ಪರದೆಯನ್ನು ನೋಡಲು ಕಿಟಕಿ ಅಗಲ ಮಾಡಿಕೊಳ್ಳುವ ಉಪಾಯ ಅದು. ಕಿಟಕಿ ಅಗಲವಾದಾಗ ಬಿಸಿಲು ಚುಚ್ಚುತ್ತದೆ, ಹತ್ತಿರದ ಅಕ್ಷರ ಕಾಣುವುದಿಲ್ಲ. ಹೆದರಬೇಡಿ, ಆದರೆ ಅವರು ಅವತ್ತು ಗಾಡಿ ಓಡಿಸಬಾರದು.

ಈಗ ಲೆನ್ಸ್, ನಿಮ್ಮ ಪ್ರಶ್ನೆಯ ನಡುಮನೆ. ಸುಮಾರು 9ರಿಂದ 10 ಮಿ.ಮೀ. ಅಗಲ, 4 ಮಿ.ಮೀ. ದಪ್ಪ. ಪಾಪೆಯ ಬೆನ್ನಿಗೇ, ತೆಳ್ಳನೆಯ ಚೀಲವೊಂದರೊಳಗೆ ಇರುತ್ತದೆ. ಸುತ್ತಲೂ ಜೇಡರ ಬಲೆಯಂಥ ಸಣ್ಣ ಎಳೆಗಳು ಅದನ್ನು ತೂಗುಹಾಕಿವೆ. ಆ ಎಳೆಗಳ ಇನ್ನೊಂದು ತುದಿ ಒಂದು ಉಂಗುರದ ಸ್ನಾಯುವಿನಲ್ಲಿದೆ. ಹತ್ತಿರದ್ದನ್ನು ನೋಡುವಾಗ ಆ ಸ್ನಾಯು ಬಿಗಿಯುತ್ತದೆ, ಉಂಗುರ ಕಿರಿದಾಗುತ್ತದೆ, ಎಳೆಗಳು ಸಡಿಲ, ಲೆನ್ಸ್ ಉಬ್ಬುತ್ತದೆ. ದೂರ ನೋಡುವಾಗ ಸ್ನಾಯುವಿಗೆ ರಜೆ. ಗಂಟೆಗಟ್ಟಲೆ ಫೋನ್ ನೋಡಿದ ಮೇಲೆ ಕಿಟಕಿಯಾಚೆ ಕಣ್ಣು ಹಾಯಿಸಿದರೆ ಹಾಯೆನಿಸುವುದಕ್ಕೆ ಇದೂ ಕಾರಣ.

ಲೆನ್ಸಿನಲ್ಲೂ ರಕ್ತನಾಳ ಇಲ್ಲ. ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅದರ ಒಳಗಿನ ಜೀವಕೋಶಗಳು ತಮ್ಮ ಕೋಶಕೇಂದ್ರವನ್ನೇ (ನ್ಯೂಕ್ಲಿಯಸ್) ಬಿಸಾಕಿಬಿಟ್ಟಿವೆ, ಬೆಳಕಿಗೆ ಅಡ್ಡ ಬರಬಾರದೆಂದು. ಉಳಿದದ್ದು ತಿಳಿ ಪ್ರೋಟೀನ್ ತುಂಬಿದ ಕೊಳವೆಗಳು ಮಾತ್ರ. ಹಾಗಾಗಿ ಅವುಗಳಿಗೆ ರಿಪೇರಿ ಮಾಡಿಕೊಳ್ಳುವ ದಾರಿಯೂ ಇಲ್ಲ. ಮರದ ಉಂಗುರಗಳಂತೆ ಹೊರಗೆ ಹೊಸ ಪದರ ಸೇರುತ್ತಲೇ ಇರುತ್ತದೆ, ಹಳೆಯದು ನಡುವಿನಲ್ಲೇ ಉಳಿಯುತ್ತದೆ. ನಿಮ್ಮ ಅಮ್ಮನ ಲೆನ್ಸಿನ ತಿರುಳಿನಲ್ಲಿರುವ ಪ್ರೋಟೀನ್ ಅವರು ಹುಟ್ಟುವ ಮೊದಲೇ ತಯಾರಾದದ್ದು. 66 ವರ್ಷ ಒಂದೇ ಪ್ರೋಟೀನ್ ಬಿಸಿಲನ್ನು ತಡೆದುಕೊಂಡು ಕೂತಿದೆ. ಮೊದಲು ಗಡುಸಾಗುತ್ತದೆ. ಸ್ನಾಯು ಬಿಗಿದರೂ ಉಬ್ಬುವುದಿಲ್ಲ. ನಲವತ್ತು ದಾಟಿದವರು ಓದುವ ಕಾಗದವನ್ನು ದೂರ ದೂರ ಹಿಡಿಯುತ್ತಾರಲ್ಲ, ಚಾಳೀಸು ಬಂತು ಅನ್ನುವುದು ಇದಕ್ಕೇ. ಆಮೇಲೆ ಪ್ರೋಟೀನುಗಳು ಗಂಟುಗಂಟಾಗಿ ಬೆಳಕನ್ನು ಚದುರಿಸುತ್ತವೆ. ಅದೇ ಪೊರೆ. "ಎನ್‌ಎಸ್ 2" ಎಂದರೆ ನಡುವಿನ ತಿರುಳು ಮಧ್ಯಮ ಮಟ್ಟಕ್ಕೆ ಹಳದಿಯಾಗಿ ಗಟ್ಟಿಯಾಗಿದೆ ಎಂದು.

ಆಪರೇಷನ್ನಿನಲ್ಲಿ ಕಾರ್ನಿಯಾದ ಅಂಚಿನಲ್ಲಿ 2-3 ಮಿ.ಮೀ. ಸೀಳು ಮಾಡಿ, ಲೆನ್ಸಿನ ಚೀಲದ ಮುಂಭಾಗವನ್ನು ದುಂಡಗೆ ತೆರೆದು, ಒಳಗಿನದನ್ನು ಅಲ್ಟ್ರಾಸೌಂಡಿನಿಂದ ಪುಡಿ ಮಾಡಿ ಹೀರಿ ತೆಗೆಯುತ್ತಾರೆ. ಚೀಲ ಅಲ್ಲೇ ಉಳಿಯುತ್ತದೆ. ಮಡಚಿದ ಹೊಸ ಲೆನ್ಸನ್ನು ಅದರೊಳಗೆ ಬಿಟ್ಟರೆ ಅರಳಿಕೊಳ್ಳುತ್ತದೆ. ಈ ಹೊಸ ಲೆನ್ಸ್ ಬಂದ ಕಥೆ ಕೇಳಿ. ಎರಡನೇ ಮಹಾಯುದ್ಧದಲ್ಲಿ ಕೆಲವು ಬ್ರಿಟಿಷ್ ಪೈಲಟ್‌ಗಳ ಕಣ್ಣಿಗೆ ವಿಮಾನದ ಮುಚ್ಚಳದ ಅಕ್ರಿಲಿಕ್ ಚೂರು ಹೊಕ್ಕಿತ್ತು. ಕಣ್ಣು ಅದರ ಮೇಲೆ ರೇಗಲಿಲ್ಲ, ಸುಮ್ಮನಿತ್ತು. ಅದನ್ನು ಗಮನಿಸಿದ ಬ್ರಿಟಿಷ್ ಕಣ್ಣಿನ ವೈದ್ಯ ಹೆರಾಲ್ಡ್ ರಿಡ್ಲಿ 1949ರಲ್ಲಿ ಅದೇ ಬಗೆಯ ವಸ್ತುವಿನಿಂದ ಲೆನ್ಸ್ ಮಾಡಿಸಿ ಕಣ್ಣೊಳಗೆ ಇಟ್ಟರು. ಜೊತೆಯ ವೈದ್ಯರು ಅನೇಕರು ವರ್ಷಗಟ್ಟಲೆ ವಿರೋಧಿಸಿದರು. "ಪೊರೆ ಹಣ್ಣಾಗಲಿ, ಆಮೇಲೆ ತೆಗೆಸೋಣ" ಎಂದು ಮನೆಯಲ್ಲಿ ಯಾರಾದರೂ ಅಂದರೆ, ಅದು ಹಳೆಯ ಕಾಲದ ಆಪರೇಷನ್ನಿಗೆ ಹೊಂದುವ ಮಾತು. ಈಗ ಪುಡಿ ಮಾಡಿ ತೆಗೆಯುವುದರಿಂದ ತೀರಾ ಗಟ್ಟಿಯಾದಷ್ಟೂ ಕಷ್ಟವೇ ಜಾಸ್ತಿ.

ನಿಜಕ್ಕೂ ಕಣ್ಣಿನ ಮೇಲೆ ಬೆಳೆಯುವುದೊಂದಿದೆ. ಮೂಗಿನ ಕಡೆಯಿಂದ ಕಾರ್ನಿಯಾದ ಮೇಲೆ ತೆವಳುವ ಗುಲಾಬಿ ದುರ್ಮಾಂಸ, ಟೆರಿಜಿಯಂ. ಇದನ್ನೂ ಪೊರೆ ಎನ್ನುವವರಿದ್ದಾರೆ. ಅದು ಬೇರೆ, ಇದು ಬೇರೆ.

ಲೆನ್ಸಿನ ಹಿಂದೆ ಕಣ್ಣಿನ ಹೆಚ್ಚಿನ ಜಾಗವನ್ನು ತುಂಬಿರುವುದು ವಿಟ್ರಿಯಸ್ ಎಂಬ ಲೋಳೆ, ಸುಮಾರು 4 ಮಿಲಿಲೀಟರ್. ನೂರರಲ್ಲಿ 98 ಪಾಲಿಗೂ ಹೆಚ್ಚು ನೀರೇ. ವಯಸ್ಸಾದಂತೆ ಇದು ಅಲ್ಲಲ್ಲಿ ಒಡೆದು ನೀರಾಗುತ್ತದೆ, ಒಳಗಿನ ಎಳೆಗಳು ಗುಂಪುಗೂಡುತ್ತವೆ. ಬಿಳಿ ಗೋಡೆ ನೋಡಿದಾಗ ಸೊಳ್ಳೆ ಹಾರಿದಂತೆ, ಕೂದಲು ತೇಲಿದಂತೆ ಕಾಣುವುದು ಅವುಗಳ ನೆರಳು. ಹಿಡಿಯಲು ಹೋದರೆ ಜಾರುತ್ತವೆ. ಹಳೆಯ ಒಂದೆರಡು ಸೊಳ್ಳೆಗೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ಇದ್ದಕ್ಕಿದ್ದಂತೆ ಕಪ್ಪು ಚುಕ್ಕೆಗಳ ಮಳೆ, ಮಿಂಚು ಹೊಡೆದಂತೆ ಬೆಳಕು, ಒಂದು ಕಡೆಯಿಂದ ತೆರೆ ಎಳೆದಂತೆ ಕತ್ತಲೆ ಬಂದರೆ ಅವತ್ತೇ ಕಣ್ಣಿನ ಡಾಕ್ಟರನ್ನು ನೋಡಬೇಕು. ಪರದೆ ಹರಿದಿರಬಹುದು ಅಥವಾ ಗೋಡೆ ಬಿಟ್ಟು ಬರುತ್ತಿರಬಹುದು.

ಆ ಪರದೆಯೇ ರೆಟಿನಾ. ಕಣ್ಣುಗುಡ್ಡೆಯ ಹಿಂಗೋಡೆಗೆ ಒಳಗಿನಿಂದ ಅಂಟಿಕೊಂಡ ತೆಳು ಹಾಳೆ, ದಪ್ಪ ಕಾಲು ಮಿ.ಮೀ. ಆಸುಪಾಸು. ಪೊರೆ ಬಂದ ಲೆನ್ಸ್ ಕಿಟಕಿಯ ಗಾಜಾದರೆ ಇದು ಚಿತ್ರ ಬೀಳುವ ತೆರೆ. ಗಾಜು ಬದಲಿಸಬಹುದು. ತೆರೆ ಬದಲಿಸುವ ವಿದ್ಯೆ ಇನ್ನೂ ಬಂದಿಲ್ಲ. ಹೊಸ ಗಾಜು ಹಾಕಿದರೂ ತೆರೆ ಹಾಳಾಗಿದ್ದರೆ ನೋಟ ಪೂರ್ತಿ ಬರುವುದಿಲ್ಲ. ಡಾಕ್ಟರು "ಮೊದಲು ಪರದೆ ನೋಡಬೇಕು" ಎಂದದ್ದು ಅದಕ್ಕೇ.

ಪರದೆಯ ಮೇಲೆ ಚಿತ್ರ ಬೀಳುವುದು ತಲೆಕೆಳಗಾಗಿ. 1604ರಲ್ಲಿ ಖಗೋಳ ವಿಜ್ಞಾನಿ ಕೆಪ್ಲರ್ ಇದನ್ನು ಲೆಕ್ಕ ಹಾಕಿ ಹೇಳಿದ್ದ. ಅದನ್ನು ಮತ್ತೆ ನೆಟ್ಟಗೆ ಮಾಡುವುದು ಯಾರು ಎಂದು ಎಲ್ಲರೂ ಕೇಳುತ್ತಾರೆ. ಯಾರೂ ಮಾಡಬೇಕಿಲ್ಲ. ಮಿದುಳಿನೊಳಗೆ ಕೂತು ಚಿತ್ರ ನೋಡುವವರು ಯಾರೂ ಇಲ್ಲ, ಅಲ್ಲಿಗೆ ಹೋಗುವುದು ನರದ ಸಂಕೇತ ಮಾತ್ರ.

ರೆಟಿನಾದಲ್ಲಿ ಬೆಳಕು ಹಿಡಿಯುವ ಕೋಶ ಎರಡು ಜಾತಿ. ರಾಡ್‌ಗಳು ಸುಮಾರು 9ರಿಂದ 12 ಕೋಟಿ. ಮಂದ ಬೆಳಕಿಗೆ ಇವೇ, ಬಣ್ಣ ತಿಳಿಯದು. ಕೋನ್‌ಗಳು 50-60 ಲಕ್ಷ. ಬಣ್ಣ, ಸೂಕ್ಷ್ಮ ಎಲ್ಲ ಇವುಗಳದ್ದು. ಕೋನ್‌ಗಳು ಒತ್ತೊತ್ತಾಗಿ ಸೇರಿರುವುದು ಪರದೆಯ ನಡುವಿನ ಪುಟ್ಟ ಗುಳಿಯಲ್ಲಿ, ಅದರ ಹೆಸರು ಫೋವಿಯಾ. ನಾವು ಚೊಕ್ಕವಾಗಿ ನೋಡುವುದು ಅಲ್ಲಿಂದ ಮಾತ್ರ. ನಂಬಿಕೆ ಬರದಿದ್ದರೆ ಈ ಸಾಲಿನ ಒಂದು ಪದದ ಮೇಲೇ ಕಣ್ಣು ನೆಟ್ಟು, ಕದಲಿಸದೆ, ಮೂರು ಸಾಲು ಕೆಳಗೆ ಏನಿದೆ ಓದಿ ನೋಡೋಣ. ಆಗುವುದಿಲ್ಲ. ಕೈ ಚಾಚಿ ಹಿಡಿದ ಹೆಬ್ಬೆರಳಿನ ಉಗುರಿನಷ್ಟು ಜಾಗ ಬಿಟ್ಟರೆ ಉಳಿದ ನೋಟವೆಲ್ಲ ಮಸುಕೇ. ಕಣ್ಣು ಸೆಕೆಂಡಿಗೆ ಮೂರರಂತೆ ಜಿಗಿಯುತ್ತಾ ಇದನ್ನು ಮರೆಮಾಚುತ್ತದೆ. ಫೋವಿಯಾದ ನಟ್ಟನಡುವೆ ರಾಡ್‌ಗಳಿಲ್ಲ, ಹಾಗಾಗಿ ರಾತ್ರಿ ಮಂಕು ನಕ್ಷತ್ರವನ್ನು ನೇರವಾಗಿ ದಿಟ್ಟಿಸಿದರೆ ಮಾಯವಾಗುತ್ತದೆ, ಸ್ವಲ್ಪ ಪಕ್ಕಕ್ಕೆ ನೋಡಿದರೆ ಮತ್ತೆ ಕಾಣುತ್ತದೆ.

ಇಷ್ಟು ದೂರ ಬೆಳಕಿಗೆ ದಾರಿ ಬಿಡಲು ಪಟ್ಟ ಪಾಡು ನೋಡಿದಿರಿ. ಇಲ್ಲಿಗೆ ಬಂದ ಮೇಲೆ ಒಂದು ತಮಾಷೆ ಇದೆ. ರೆಟಿನಾ ಹಿಂದುಮುಂದಾಗಿದೆ! ಬೆಳಕು ಹಿಡಿಯುವ ಕೋಶಗಳು ಕಟ್ಟಕಡೆಯ ಸಾಲಿನಲ್ಲಿವೆ. ಅವುಗಳ ಮುಂದೆ ನರದ ಎಳೆಗಳು, ರಕ್ತನಾಳಗಳು. ಬೆಳಕು ಇವನ್ನೆಲ್ಲ ದಾಟಿ ಹೋಗಬೇಕು. ಆದರೆ ಇದರಿಂದ ಒಂದು ಲಾಭವೂ ಇದೆ. ಈ ಕೋಶಗಳ ತುದಿ ದಿನವೂ ಸವೆಯುತ್ತದೆ. ಅದನ್ನು ತಿಂದು ಚೊಕ್ಕಟ ಮಾಡುವ ಕಪ್ಪು ಪದರವೂ, ಹೇರಳ ರಕ್ತ ಹರಿಯುವ ಕೋರಾಯ್ಡ್ ಪದರವೂ ಹಿಂದಿವೆ. ಅತ್ತ ತಿರುಗಿ ಕೂತ ಕೋಶಗಳಿಗೆ ಇವೆರಡೂ ಹತ್ತಿರ. ಫೋವಿಯಾದಲ್ಲಿ ಮಾತ್ರ ಮುಂದಿನ ಪದರಗಳೆಲ್ಲ ಪಕ್ಕಕ್ಕೆ ಸರಿದು ದಾರಿ ಬಿಟ್ಟಿವೆ, ಗುಳಿ ಆದದ್ದೇ ಹಾಗೆ. ಆಕ್ಟೋಪಸ್‌ಗೆ ಈ ರಗಳೆಯೇ ಇಲ್ಲ, ಅದರ ರೆಟಿನಾ ನೆಟ್ಟಗಿದೆ.

ಮುಂದಿರುವ ರಕ್ತನಾಳಗಳ ನೆರಳು ನಮಗೆ ಯಾಕೆ ಕಾಣುವುದಿಲ್ಲ? ಅದು ಸದಾ ಒಂದೇ ಜಾಗದಲ್ಲಿ ಬೀಳುವುದರಿಂದ ನೋಟ ಅದನ್ನು ಮರೆತುಬಿಟ್ಟಿರುತ್ತದೆ. ತಪಾಸಣೆಯಲ್ಲಿ ಬೆಳಕು ಓರೆಯಾಗಿ ಓಡಾಡಿದಾಗ ನೆರಳೂ ಓಡಾಡುತ್ತದೆ. ಆಗ ಒಣಗಿದ ಕೆರೆಯ ತಳದ ಬಿರುಕಿನಂಥ ಕವಲುಗಳು ಕಣ್ಣ ಮುಂದೆ ಬರುತ್ತವೆ. ಅಮ್ಮನನ್ನು ಕೇಳಿ ನೋಡಿ, ಕಂಡಿರಬಹುದು. ಅದು ಅವರದೇ ರಕ್ತನಾಳ. ಚರ್ಮ ಕೊಯ್ಯದೆ ರಕ್ತನಾಳಗಳನ್ನು ನೇರವಾಗಿ, ಇಷ್ಟು ಸ್ಪಷ್ಟವಾಗಿ ನೋಡಲು ವೈದ್ಯರಿಗೆ ಇದಕ್ಕಿಂತ ಒಳ್ಳೆಯ ಜಾಗ ಮೈಯಲ್ಲಿ ಬೇರೆ ಇಲ್ಲ. ಸಕ್ಕರೆ ಕಾಯಿಲೆ, ಬಿಪಿ ಇರುವವರ ಪರದೆಯನ್ನು ವರ್ಷ ವರ್ಷ ನೋಡುವುದು ಅದಕ್ಕೇ.

ಪರದೆಯ ಮುಂದೆ ಹರಡಿದ ಸುಮಾರು 10-12 ಲಕ್ಷ ನರದ ಎಳೆಗಳು ಎಲ್ಲಾದರೂ ಒಂದು ಕಡೆ ಗೋಡೆ ತೂರಿ ಹೊರಗೆ ಹೋಗಬೇಕಲ್ಲ? ಅವು ಕಟ್ಟಾಗಿ ಹೊರಬೀಳುವ ಜಾಗ ಆಪ್ಟಿಕ್ ಡಿಸ್ಕ್, ಸುಮಾರು 1.5 ಮಿ.ಮೀ. ಅಗಲ. ಅಲ್ಲಿ ಬೆಳಕಿನ ಕೋಶಗಳೇ ಇಲ್ಲ, ಹಾಗಾಗಿ ಅದು ಕುರುಡು. ಈಗಲೇ ನೋಡಿ. ಎಡಗಣ್ಣು ಮುಚ್ಚಿ. ಕೈ ಪೂರ್ತಿ ಚಾಚಿ ಎರಡೂ ಹೆಬ್ಬೆರಳನ್ನು ಪಕ್ಕಪಕ್ಕ ಹಿಡಿಯಿರಿ. ಎಡ ಹೆಬ್ಬೆರಳಿನಿಂದ ಕಣ್ಣು ಕದಲಿಸದೆ ಬಲಗೈಯನ್ನು ನಿಧಾನವಾಗಿ ಬಲಕ್ಕೆ ಸರಿಸಿ. ಒಂದು ಗೇಣಿಗಿಂತ ತುಸು ಮೊದಲೇ ಬೆರಳಿನ ತುದಿ ಮಾಯ! 1660ರ ದಶಕದಲ್ಲಿ ಫ್ರಾನ್ಸಿನ ವಿಜ್ಞಾನಿ ಮರಿಯೊಟ್ ಇದನ್ನು ಕಂಡುಹಿಡಿಯುವವರೆಗೆ ಎಲ್ಲರ ಕಣ್ಣಲ್ಲೂ ತೂತಿದೆ ಎಂದು ಯಾರೂ ಗಮನಿಸಿರಲಿಲ್ಲ. ಮಿದುಳು ಸುತ್ತಲಿನ ಬಣ್ಣ ಬಳಿದು ಆ ತೂತನ್ನು ಮುಚ್ಚಿಬಿಡುತ್ತದೆ.

ಆ ಡಿಸ್ಕಿನ ನಡುವೆ ಸಣ್ಣ ಬಟ್ಟಲಿನಂಥ ತಗ್ಗಿರುತ್ತದೆ. ಬಟ್ಟಲಿನ ಅಗಲವನ್ನು ಡಿಸ್ಕಿನ ಅಗಲದಿಂದ ಭಾಗಿಸಿದರೆ ಬರುವುದೇ ಸಿಡಿಆರ್. ಹೆಚ್ಚಿನವರಲ್ಲಿ 0.3 ಆಸುಪಾಸು. ಒತ್ತಡದಿಂದ ನರದ ಎಳೆಗಳು ಸತ್ತಂತೆ ಅಂಚು ತೆಳುವಾಗಿ ಬಟ್ಟಲು ಅಗಲವಾಗುತ್ತದೆ. ಅದೇ ಗ್ಲಾಕೋಮಾ. 0.5 ಎಂದ ಮಾತ್ರಕ್ಕೆ ಕಾಯಿಲೆ ಅಲ್ಲ, ಹುಟ್ಟಿನಿಂದಲೇ ಅಷ್ಟಿರುವವರೂ ಇದ್ದಾರೆ. ಆದರೆ ಒತ್ತಡವೂ ಜಾಸ್ತಿ ಇರುವುದರಿಂದ ಸುಮ್ಮನಿರುವ ಹಾಗಿಲ್ಲ. ಎರಡೂ ಕಣ್ಣಿನ ಸಂಖ್ಯೆ ಒಂದೇ ಇದೆಯಾ ಕೇಳಿ. ನೋಟದ ಹರವು ಅಳೆಯುವ ಫೀಲ್ಡ್ ಟೆಸ್ಟ್ ಮತ್ತು ನರದ ಪದರ ಅಳೆಯುವ ಓಸಿಟಿ ಮಾಡಿಸಲು ಹೇಳಿದರೆ ಮುಂದೂಡಬೇಡಿ. ಪೊರೆಯಿಂದ ಹೋದ ನೋಟ ವಾಪಸ್ ಬರುತ್ತದೆ, ಸತ್ತ ನರ ಬರುವುದಿಲ್ಲ. ಗ್ಲಾಕೋಮಾ ಹೆಚ್ಚಾಗಿ ನೋವಿಲ್ಲದೆ, ಅಂಚಿನಿಂದ ತಿನ್ನುತ್ತಾ ಬರುತ್ತದೆ. ರೋಗಿಗೆ ಗೊತ್ತಾಗುವಾಗ ತಡವಾಗಿರುತ್ತದೆ.

ಕೊನೆಗೆ ಮಗಳ ಪ್ರಶ್ನೆ. ಹೋಗುವುದಿಲ್ಲ, ಹೋಗಲು ದಾರಿಯೇ ಇಲ್ಲ. ಕಣ್ಣಿನ ಬಿಳಿ ಭಾಗದ ಮೇಲೆ ಕಂಜಂಕ್ಟೈವಾ ಎಂಬ ತೆಳು ತೊಗಲಿದೆ. ಅದು ಹಿಂದಕ್ಕೆ ಹೋಗಿ, ಮಡಚಿಕೊಂಡು, ರೆಪ್ಪೆಯ ಒಳಮೈಯಾಗಿ ವಾಪಸ್ ಬರುತ್ತದೆ. ಅಂಗಿಯ ಜೇಬಿನ ತಳದ ಹಾಗೆ. ಜೇಬಿಗೆ ಬಿದ್ದದ್ದು ಜೇಬಿನಲ್ಲೇ ಇರುತ್ತದೆ. ಲೆನ್ಸ್ ಕಾಣದಿದ್ದರೆ ಹೆಚ್ಚಾಗಿ ಮೇಲಿನ ರೆಪ್ಪೆಯ ಅಡಿ ಮಡಚಿ ಕೂತಿರುತ್ತದೆ. ಉಜ್ಜಬಾರದು. ಕೈ ತೊಳೆದು, ಲೆನ್ಸಿಗೆಂದೇ ಇರುವ ಡ್ರಾಪ್ಸ್ ಎರಡು ಹನಿ ಬಿಟ್ಟು, ಕೆಳಗೆ ನೋಡುತ್ತಾ ಮುಚ್ಚಿದ ರೆಪ್ಪೆಯನ್ನು ಮೆಲ್ಲಗೆ ಸವರಿದರೆ ಕೆಳಗಿಳಿಯುತ್ತದೆ. ನಲ್ಲಿ ನೀರು ಮಾತ್ರ ಬೇಡ. ಆಗಲೂ ಸಿಗದೆ ಕಣ್ಣು ಕೆಂಪಾಗಿ ನೋಯುತ್ತಿದ್ದರೆ ಡಾಕ್ಟರ ಹತ್ತಿರ ಹೋಗಲಿ. ರೆಪ್ಪೆ ಮಗುಚಿ ನೋಡಲು ಅರ್ಧ ಮಿನಿಟು ಸಾಕು. ಎಷ್ಟೋ ಸಲ ಅಲ್ಲಿ ಲೆನ್ಸೇ ಇರುವುದಿಲ್ಲ, ಮನೆಯ ವಾಶ್‌ಬೇಸಿನ್ನಿನ ಅಂಚಿನಲ್ಲಿ ಒಣಗಿ ಅಂಟಿಕೊಂಡಿರುತ್ತದೆ.